ಅಣ್ಣನಿಗೆ ಕಾರ್ಡು ಮಾಡಿಸಿದ್ದು

2011ರ ಜನಗಣತಿ ಪ್ರಕಾರ ಇಡೀ ದೇಶದಲ್ಲಿ ಮಾನಸಿಕ ಕಾಯಿಲೆ ಇರುವವರು 7 ಲಕ್ಷ 22 ಸಾವಿರ ಚಿಲ್ಲರೆ. ಅದರಲ್ಲಿ ನಮ್ಮಣ್ಣ ಸೇರಿಲ್ಲ. ಗಣತಿಗೆ ಬಂದಿದ್ದ ಮೇಷ್ಟ್ರು ಜಗಲಿ ಮೇಲೆ ಕೂತು, "ಮನೇಲಿ ಅಂಗವಿಕಲರು, ಬುದ್ಧಿ ಸರಿಯಿಲ್ಲದೋರು ಯಾರಾದ್ರೂ ಅವ್ರೇನವ್ವ?" ಅಂತ ಕೇಳಿದರು. "ಯಾರೂ ಇಲ್ಲ ಸಾ" ಅಂದಳು ಅವ್ವ. ಅಣ್ಣ ನಡುಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಮೇಷ್ಟ್ರು ನಮ್ಮೂರ ಸ್ಕೂಲಿನವರೇ, ಅಣ್ಣನಿಗೆ ಮಗ್ಗಿ ಕಲಿಸಿದವರು. ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವ್ವ ಹೇಳಿದ್ದನ್ನೇ ಬರೆದುಕೊಂಡು, ಕಾಫಿ ಕುಡಿದು ಹೋದರು.

ಅದಾಗಿ ನಾಲ್ಕೈದು ವರ್ಷಕ್ಕೆ, 2015–16ರಲ್ಲಿ, ನಿಮ್ಹಾನ್ಸ್‌ನವರು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ಶೇ 1.9ರಷ್ಟು ಜನಕ್ಕೆ, ಅಂದರೆ ನೂರಕ್ಕೆ ಸುಮಾರು ಇಬ್ಬರಿಗೆ, ಬದುಕಿನಲ್ಲಿ ಎಂದಾದರೊಮ್ಮೆ ತೀವ್ರ ತರದ ಮಾನಸಿಕ ಕಾಯಿಲೆ ಬಂದಿರುತ್ತದೆ ಅಂತ ಅದರಲ್ಲಿ ಕಂಡುಬಂತು. ಎರಡೂ ಲೆಕ್ಕದ ಅಳತೆಗೋಲು ಬೇರೆ ಬೇರೆ, ನಿಜ. ಆದರೂ ಒಂದು ಕಡೆ ಏಳು ಲಕ್ಷ, ಇನ್ನೊಂದು ಕಡೆ ಕೋಟಿ ದಾಟುವ ಲೆಕ್ಕ. ನಡುವಿನ ಜನ ಎಲ್ಲಿ ಹೋದರು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಂಥ ಮನೆಯಿಂದ ಅಣ್ಣನ ಹೆಸರು ಸರ್ಕಾರದ ದಾಖಲೆಗೆ, ಅಲ್ಲಿಂದ ಊರಿನ ಬಾಯಿಗೆ ಹೇಗೆ ಬಂತು ಅನ್ನೋದನ್ನ ಬರೀತಿದೀನಿ. ಪಿಂಚಣಿಯಂಥ ಸೌಲಭ್ಯಕ್ಕೆ ಅಂತ ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು ಮಾಡಿಸಬೇಕೋ ಬೇಡವೋ ಅಂತ ಒದ್ದಾಡುತ್ತಿರುವ ಮನೆಗಳು ಬೇಕಾದಷ್ಟಿವೆ. ದಾಖಲೆ ಯಾವ್ಯಾವುದು ಬೇಕು ಅಂತ ಹೇಳುವವರು ಸಿಗುತ್ತಾರೆ. ಉಳಿದದ್ದನ್ನು ಹೇಳುವವರು ಸಿಗುವುದಿಲ್ಲ.

ನಮ್ಮದು ತಿಪಟೂರು ಕಡೆ, ತೆಂಗಿನ ಸೀಮೆ. ಅಣ್ಣ ಐಟಿಐ ಮಾಡಿ ಪೀಣ್ಯದಲ್ಲಿ ಫಿಟ್ಟರ್ ಆಗಿದ್ದ. 2006ರಲ್ಲಿ ಅವನಿಗೆ ಕಾಯಿಲೆ ಶುರುವಾಯಿತು. ಪಕ್ಕದ ರೂಮಿನವರು ರಾತ್ರಿಯೆಲ್ಲ ತನ್ನ ವಿಷಯವೇ ಮಾತಾಡ್ತಾರೆ ಅಂತಿದ್ದ. ಸೂಪರ್‌ವೈಸರ್‌ಗೆ ತನ್ನ ಮನಸ್ಸಿನಲ್ಲಿರೋದೆಲ್ಲ ಕೇಳಿಸುತ್ತೆ ಅಂತಿದ್ದ. ಕೆಲಸ ಬಿಟ್ಟು ಊರಿಗೆ ಬಂದ. ನಿದ್ದೆ ಇಲ್ಲ, ಸ್ನಾನ ಇಲ್ಲ. ಆಮೇಲಿನದು ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಶಾಸ್ತ್ರ ಕೇಳಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು, ಕೊನೆಗೆ ಗಾಳಿ ಬಿಡಿಸುವ ಒಂದು ಕ್ಷೇತ್ರಕ್ಕೆ ಕರಕೊಂಡು ಹೋದದ್ದಾಯಿತು. ಅಲ್ಲಿ ಮೂರು ಅಮಾವಾಸ್ಯೆ ಬಿಟ್ಟು ಹೋಗಿ ಅಂದರಂತೆ. ಅಪ್ಪ ಅಲ್ಲಿ ಕಂಬಕ್ಕೆ ಕಟ್ಟಿದ್ದ ಒಬ್ಬ ಹುಡುಗನನ್ನು ನೋಡಿ ಅವತ್ತೇ ಅಣ್ಣನನ್ನು ವಾಪಸ್ ಕರಕೊಂಡು ಬಂದರು. ಅಪ್ಪನಿಗೆ ಪೇಪರ್ ಓದುವ ಚಟ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದರಿಂದ ಎದ್ದು ಓಡಲಾಗದೆ 28 ಜನ ಸತ್ತ ಸುದ್ದಿ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಮಾರನೇ ವಾರ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಹೋದರು. ಸ್ಕಿಜೋಫ್ರೇನಿಯಾ ಅಂದರು. ಮಾತ್ರೆ ಶುರುವಾಯಿತು.

ಮಾತ್ರೆಯಿಂದ ಅಣ್ಣ ಮಲಗಿದ, ಉಂಡ, ಮಾತಾಡಿದ. ಕೈ ನಡುಗಿತು, ಜೊಲ್ಲು ಸುರಿಯಿತು, ಹೊಟ್ಟೆ ಬಂತು. ನಡುಕಕ್ಕೆ ಪ್ಯಾಸಿಟೇನ್ ಅಂತ ಇನ್ನೊಂದು ಮಾತ್ರೆ ಸೇರಿತು. ಊರವರಿಗೆ ನಾವು ಹೇಳಿದ್ದು ಮಾತ್ರ ಬೇರೆ: "ಬೆಂಗಳೂರಲ್ಲಿ ಟೈಫಾಯಿಡ್ ಆಗಿತ್ತು, ನರ ವೀಕ್ ಆಗವೆ." ಮಾತ್ರೆಯ ಹಾಳೆಗಳು ರಾಗಿ ಡಬ್ಬದ ಹಿಂದೆ. ಬೆಂಗಳೂರಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸಿಕ್ಕಿದರೆ "ನೆಂಟರ ಮನೆಗೆ". 2012ರಲ್ಲಿ ನನ್ನ ಮದುವೆ. ಗಂಡಿನ ಕಡೆಯವರ ಕಣ್ಣಿಗೆ ಬೀಳದಿರಲಿ ಅಂತ ಅಣ್ಣನನ್ನು ಸೋದರತ್ತೆ ಮನೆಗೆ ಕಳಿಸಿದ್ದರು. ಆ ಗಲಾಟೆಯಲ್ಲಿ ಮಾತ್ರೆ ತಪ್ಪಿ, ನನ್ನ ಬೀಗರೂಟ ಮುಗಿಯುವ ಹೊತ್ತಿಗೆ ಕಾಯಿಲೆ ಮತ್ತೆ ಕೆರಳಿತ್ತು. ನಮ್ಮ ಯಜಮಾನರಿಗೆ ವಿಷಯ ಗೊತ್ತಾದದ್ದು ಹೊಸಬರು ಹಬ್ಬಕ್ಕೆ ಬಂದಾಗ. "ಮೊದಲೇ ಹೇಳಿದ್ರೆ ಮದುವೆ ಆಗ್ತಿರಲಿಲ್ಲ ಅಂತ ಅಲ್ಲ, ನಿಮ್ಮಣ್ಣ ಮದುವೇಲಿ ಇರ್ತಿದ್ದ" ಅಂದಿದ್ದರು ಆಗ. ಈ ಮಾತಿಗೆ ಅವ್ವನಲ್ಲಿ ಇವತ್ತಿಗೂ ಉತ್ತರವಿಲ್ಲ. ಆದರೆ ಅವ್ವನ ಜಾಗದಲ್ಲಿ ನಿಂತು ನೋಡಿದರೆ, ಮದುವೆಗಿರುವ ಮಗಳನ್ನು ಇಟ್ಟುಕೊಂಡು ಅವಳು ಬೇರೇನು ಮಾಡಬಹುದಿತ್ತು ಅಂತ ನನಗೂ ಹೊಳೆಯುವುದಿಲ್ಲ.

ಗುಟ್ಟು ಮೊದಲು ಒಡೆದದ್ದು ಕೊರೊನಾದಲ್ಲಿ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಬಸ್ಸಿಲ್ಲ, ಬೆಂಗಳೂರಿಗೆ ಹೋಗುವಂತಿಲ್ಲ, ಮಾತ್ರೆ ಮುಗಿಯುತ್ತಾ ಬಂತು. ಆಶಾ ಕಾರ್ಯಕರ್ತೆ ಹೇಳಿದ್ದಕ್ಕೆ ತಾಲೂಕು ಆಸ್ಪತ್ರೆಗೆ ಹೋದೆವು. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ಮಂಗಳವಾರ ಮನೋವೈದ್ಯರು ಅಲ್ಲಿಗೇ ಬರುತ್ತಾರೆ, ಮಾತ್ರೆಯನ್ನೂ ಅಲ್ಲೇ ಪುಕ್ಕಟೆ ಕೊಡುತ್ತಾರೆ. ನಾವು ವರ್ಷಗಟ್ಟಲೆ ರಾತ್ರಿ ಮೂರಕ್ಕೆ ಎದ್ದು ಬೆಂಗಳೂರಿಗೆ ಹೋಗಿ ತರುತ್ತಿದ್ದುದು ಅದೇ ಮಾತ್ರೆ. ಹತ್ತಿರದ ಆಸ್ಪತ್ರೆಯೆಂದರೆ ಊರಿನ ಕಣ್ಣಿಗೂ ಹತ್ತಿರ ಅನ್ನೋದು ಅವ್ವನ ಹೆದರಿಕೆ. ಅದು ಸುಳ್ಳೂ ಆಗಲಿಲ್ಲ. ಶುಗರ್, ಬಿಪಿಗೆ ಬಂದ ನಮ್ಮೂರಿನವರೇ ಅದೇ ಸಾಲಿನಲ್ಲಿ ಸಿಕ್ಕರು. ಔಷಧಿ ಕೊಡುವ ಕಿಟಕಿಯಲ್ಲಿ ಫಾರ್ಮಸಿಯವರು ಎಲ್ಲರ ಮಾತ್ರೆಯನ್ನೂ ಕೂಗಿ ಹೇಳುವರು, ನಮ್ಮದು ಬಂದಾಗ ಮಾತ್ರ ದನಿ ಇಳಿಸುವರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಸಾಲಿನಲ್ಲಿ ನಿಂತವರೆಲ್ಲ ಕತ್ತು ಮುಂದೆ ಚಾಚುತ್ತಿದ್ದದ್ದು ಆ ದನಿ ಇಳಿದಾಗಲೇ.

ಕಾರ್ಡಿನ ವಿಷಯ ತಂದವರು ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಅಂತ ಒಬ್ಬರಿರುತ್ತಾರೆ, ತಾಲೂಕು ಮಟ್ಟದಲ್ಲಿ ಅವರ ಮೇಲೆ ಎಂಆರ್‌ಡಬ್ಲ್ಯು. ಸಾಮಾನ್ಯವಾಗಿ ಅವರೂ ಅಂಗವಿಕಲರೇ. ಗೌರವಧನದ ಮೇಲೆ ದುಡಿಯುವ ಜನ, ಅಲೆದಾಟಕ್ಕೆ ಲೆಕ್ಕವೇ ಇಲ್ಲ. ನಮ್ಮವರಿಗೆ ಪೋಲಿಯೋದಿಂದ ಒಂದು ಕಾಲು ಸಣಕಲು. ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟಿಯಲ್ಲಿ ಬಂದು, ಗಾಡಿ ಮೇಲೆ ಕೂತಲ್ಲಿಂದಲೇ ಬೀದಿಗೆಲ್ಲ ಕೇಳುವ ಹಾಗೆ, "ಅವ್ವಾ, ನಿಮ್ಮ ಮಗನಿಗೆ ಮಾನಸಿಕ ಕಾಯಿಲೆ ಐತಂತಲ್ಲ, ಕಾರ್ಡ್ ಮಾಡಿಸಿದ್ರಾ?" ಅಂದರು.

ಅವ್ವ ಬಾಗಿಲು ಹಾಕಿಕೊಂಡಳು.

ಅವರು ಬಿಡುವ ಆಸಾಮಿ ಅಲ್ಲ. ನಾನು ತವರಿಗೆ ಬಂದದ್ದು ನೋಡಿಕೊಂಡು ಮತ್ತೆ ಬಂದರು. ಸ್ವಲ್ಪ ಮೆತ್ತಗೆ ಮಾತಾಡಿ ಸಾರ್ ಅಂದೆ. "ಯಾಕಕ್ಕ? ನನ್ನ ಕಾಲು ಊರಿಗೆಲ್ಲ ಕಾಣುತ್ತೆ, ಅದನ್ನ ಮೆತ್ತಗೆ ಹೇಳು ಅಂತ ಯಾರೂ ಅನ್ನಲ್ಲ. ನಿಮ್ಮಣ್ಣಂದು ಕಾಣಲ್ಲ, ಅದಕ್ಕೆ ನಾನೇ ಒಸಿ ಗಟ್ಟಿಯಾಗಿ ಹೇಳಬೇಕು" ಅಂದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆ ಇದೆ, ಅದರಲ್ಲಿ ಮಾನಸಿಕ ಕಾಯಿಲೆಯೂ ಒಂದು ಅಂತ ವಿವರಿಸಿದರು. ಆಮೇಲೆ ನಾನೇ ಹುಡುಕಿ ನೋಡಿದಾಗ ಇನ್ನೊಂದು ತಿಳಿಯಿತು. ಬರೀ ಏಳು ಬಗೆ ಇದ್ದ 1995ರ ಹಳೇ ಕಾಯ್ದೆಯಲ್ಲೂ ಅದು ಸೇರಿತ್ತು. ಅಂದರೆ ಅಣ್ಣನಿಗೆ ಕಾಯಿಲೆ ಬರುವುದಕ್ಕೆ ಹತ್ತು ವರ್ಷ ಮೊದಲೇ ಕಾನೂನು ಆಗಿತ್ತು, ನಮ್ಮ ಮನೆ ಬಾಗಿಲಿಗೆ ಬರಲು ಇಷ್ಟು ವರ್ಷ ತಗೊಂಡಿತು.

ಅವ್ವನ ತಕರಾರು ಎರಡು. ಒಂದು: "ಈಗ ಊರೋರು ಹಿಂದಿಂದ ಆಡ್ಕತಾರೆ. ಕಾರ್ಡ್ ಮಾಡಿಸಿದ್ರೆ ಸರ್ಕಾರವೇ ಹುಚ್ಚ ಅಂತ ಸೀಲ್ ಒತ್ತಿ ಕೊಟ್ಟಂಗಾಯ್ತದೆ." ಎರಡನೆಯದು ಅವಳ ಬಾಯಿಗೆ ಬಂದದ್ದು ನಿಧಾನಕ್ಕೆ. ಅಣ್ಣನ ಪಾಲಿಗೆ ಒಂದೂವರೆ ಎಕರೆ ತೆಂಗಿನ ತೋಟ ಇದೆ. ಕಾರ್ಡ್ ತೋರಿಸಿ ದಾಯಾದಿಗಳು "ಇವನ ಸಹಿ ನಡೆಯಲ್ಲ" ಅಂದುಬಿಟ್ಟರೆ? ಈ ಭಯಕ್ಕೆ ಬುಡ ಇಲ್ಲದೇ ಇಲ್ಲ. ಹಾಗೆ ಹೆದರಿಸಿ ಜಮೀನು ಬರೆಸಿಕೊಂಡವರನ್ನು ನಾವು ನೋಡಿದ್ದೇವೆ. ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚಕಿಯನ್ನು ಕೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ಇದೆ ಅಂದರು: ಕಾಯಿಲೆ ಇದೆ ಅಂದಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಅರ್ಥವಲ್ಲ, ಹಾಗೆ ಹೇಳಬೇಕಾದದ್ದು ಕೋರ್ಟು. ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಆ ಚೀಟಿ ಈಗಲೂ ಅವ್ವನ ಪೆಟ್ಟಿಗೆಯಲ್ಲಿ ಪಹಣಿಗಳ ಜೊತೆ ಇದೆ. ಅವ್ವನಿಗೆ ಓದು ಬರದು, ಆದರೂ ಇಟ್ಟುಕೊಂಡಿದ್ದಾಳೆ.

ಇಷ್ಟೆಲ್ಲ ಚರ್ಚೆ ನಡೆಯುವಾಗ ಅಣ್ಣನನ್ನು ಕೇಳಬೇಕು ಅಂತ ಹೇಳಿದವರೂ ಆ ವಿಆರ್‌ಡಬ್ಲ್ಯುನೇ. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಪಿಂಚಣಿ ದುಡ್ಡು ನನ್ನ ಅಕೌಂಟಿಗೆ ಬರುತ್ತಾ, ಅವ್ವನ ಅಕೌಂಟಿಗಾ?" ನಿಮ್ಮದಕ್ಕೇ ಅಂದರು. "ಹಂಗಾದ್ರೆ ಮಾಡ್ಸಿ" ಅಂದ.

ಅರ್ಜಿ ಹಾಕುವುದು ಆನ್‌ಲೈನಿನಲ್ಲಿ. ಆಧಾರ್, ಫೋಟೋ, ವಿಳಾಸದ ಪುರಾವೆ, ಆಸ್ಪತ್ರೆಯ ಹಳೇ ಚೀಟಿಗಳು. ಕೊನೆಯದನ್ನು ದಯವಿಟ್ಟು ಯಾರೂ ಎಸೆಯಬೇಡಿ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೆ ಅದೇ ಸಾಕ್ಷಿ. ನಮ್ಮಪ್ಪ ಅಣ್ಣನ ಫೈಲನ್ನು ಮೊದಲ ದಿನದ ಚೀಟಿಯಿಂದ ದಾರ ಹಾಕಿ ಹೊಲಿದಿಟ್ಟಿದ್ದರು. ಕಂಪ್ಯೂಟರ್ ಅಂಗಡಿಯ ಹುಡುಗ ಒಂದೊಂದೇ ಕಾಲಂ ತುಂಬುತ್ತಾ ಬಂದು, ಕಾಯಿಲೆಯ ಪಟ್ಟಿಯ ಹತ್ತಿರ ನಿಂತ. "ಬುದ್ಧಿಮಾಂದ್ಯ ಅಂತ ಹಾಕ್ಲಾ ಅಕ್ಕ?" ಅಂತ ನನ್ನನ್ನು ಕೇಳಿದ, ಅಣ್ಣ ಅಲ್ಲೇ ಪಕ್ಕದಲ್ಲಿ ನಿಂತಿದ್ದರೂ. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನ. ನಾನು ಬಾಯಿ ತೆಗೆಯುವ ಮೊದಲೇ ಅಣ್ಣ ಫೈಲು ಬಿಚ್ಚಿ, ಮೊದಲ ಹಾಳೆಯ ಮೇಲೆ ಬೆರಳಿಟ್ಟು, "ಇದು ನೋಡು. ಅದು ಬೇರೆ, ಇದು ಬೇರೆ" ಅಂದ. ಬುದ್ಧಿಮಾಂದ್ಯ ಹುಟ್ಟಿನಿಂದಲೋ ಎಳವೆಯಲ್ಲೋ ಬರುವಂಥದ್ದು. ಸ್ಕಿಜೋಫ್ರೇನಿಯಾ ಓದಿ, ದುಡಿದು, ಎಲ್ಲ ಸರಿ ಇದ್ದವನಿಗೆ ಇಪ್ಪತ್ತರ ಆಸುಪಾಸಿನಲ್ಲಿ ಬರಬಹುದಾದ ಕಾಯಿಲೆ. ಅರ್ಜಿಯಲ್ಲಿ ಎರಡಕ್ಕೂ ಬೇರೆ ಬೇರೆ ಆಯ್ಕೆ ಇದೆ. ತಪ್ಪಿ ಒತ್ತಿದರೆ ತಪಾಸಣೆಯೇ ಬೇರೆ ವಿಭಾಗಕ್ಕೆ ಹೋಗುತ್ತದೆ, ಅಷ್ಟು ದಿನ ಓಡಾಡಿದ್ದೆಲ್ಲ ನೀರಿಗೆ ಬೀಳುತ್ತದೆ.

ತಪಾಸಣೆಗೆ ಕರೆ ಬಂತು. ಮೊದಲ ಸಲ ಹೋದಾಗ ಡಾಕ್ಟರು ಕ್ಯಾಂಪಿಗೆ ಹೋಗಿದ್ದರು, ಬರುವವರಿಗೆ ತಿಳಿಸುವ ಏರ್ಪಾಡು ಇರಲಿಲ್ಲ. ಎರಡನೇ ಸಲ ಹೋಗುವ ದಿನ ಅಣ್ಣ ಬೆಳಿಗ್ಗೆ ಎದ್ದು ಗಡ್ಡ ಹೆರೆದು, ನೀಲಿ ಗೆರೆಯ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ರೆಡಿಯಾಗಿದ್ದ. ದೊಡ್ಡ ಡಾಕ್ಟರ ಎದುರಿಗೆ ಹೋಗುವಾಗ ಮರ್ಯಾದಸ್ಥನ ಹಾಗೆ ಹೋಗಬೇಕು ಅಂತ. ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿದ್ದ ಒಬ್ಬ ಯಜಮಾನರು ಅವನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಿವಿಯ ಹತ್ತಿರ, "ಹಿಂಗೆ ಕರಕಂಬಂದ್ರೆ ಕೊಡಕಿಲ್ಲ ಕಣಮ್ಮ. ಒಂದು ವಾರ ಗಡ್ಡ ಬಿಡಿಸ್ಬೇಕಿತ್ತು. ಬಟ್ಟೆ ಹಳೇದು ಹಾಕ್ಬೇಕಿತ್ತು" ಅಂದರು. ಅವರು ತಮ್ಮ ಮಗಳನ್ನು ಹಾಗೆಯೇ ಕರೆತಂದಿದ್ದರು. ತಲೆ ಬಾಚದೆ, ಮಾಸಿದ ನೈಟಿಯಲ್ಲಿ. ಆ ಹುಡುಗಿ ಸೆರಗೂ ಇಲ್ಲ, ದುಪಟ್ಟಾವೂ ಇಲ್ಲ ಅಂತ ಕೈ ಕಟ್ಟಿಕೊಂಡು ಕೂತಿತ್ತು. ಅಪ್ಪ ಕೆಟ್ಟವರಲ್ಲ. ಎರಡು ಸಲ ವಾಪಸ್ ಕಳಿಸಿದ ಮೇಲೆ ಕಂಡುಕೊಂಡ ಉಪಾಯ ಅದು. ಆದರೂ ಅವತ್ತು ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಇಂಥ ಕಾಯಿಲೆಯವರು ಹೀಗೇ ಕಾಣಬೇಕು ಅಂತ ಬೀದಿಯಲ್ಲಿ ಆಡಿಕೊಳ್ಳುವವರು ಅಂದುಕೊಂಡರೆ ಒಂದು. ಸರ್ಟಿಫಿಕೇಟಿಗೂ ಅದೇ ವೇಷ ಬೇಕು ಅಂತ ಹೆತ್ತವರೇ ನಂಬುವಷ್ಟು ಆಗಿದೆಯಲ್ಲ.

ಒಳಗೆ ಹೋದ ಮೇಲೆ ತಿಳಿದದ್ದು, ವೇಷಕ್ಕೂ ಅಂಕಕ್ಕೂ ಸಂಬಂಧ ಇಲ್ಲ. 'ಐಡಿಯಾಸ್' ಅನ್ನುವ ಮಾಪಕದ ಪ್ರಕಾರ ನಾಲ್ಕು ವಿಷಯ ನೋಡುತ್ತಾರೆ: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರ ಜೊತೆಗಿನ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ಇದು ಪರೀಕ್ಷೆಯ ಉಲ್ಟಾ, ಅಂಕ ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೆ ಇನ್ನೊಂದಿಷ್ಟು ಅಂಕ. ಎಲ್ಲ ಸೇರಿ 7 ಮುಟ್ಟಿದರೆ ಶೇ 40 ಅಂತ ಲೆಕ್ಕ, ಸೌಲಭ್ಯ ಸಿಗುವುದು ಅಲ್ಲಿಂದ ಮೇಲೆ.

ಡಾಕ್ಟರು ಹೆಂಗಸು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನನ್ನು ಬಿಟ್ಟು ಅಣ್ಣನನ್ನೇ ಮೊದಲು ಕೇಳಿದರು. ಸ್ನಾನ? "ನಾನೇ ಮಾಡ್ತೀನಿ." ಯಾರೂ ಹೇಳದೆ? ಅಣ್ಣ ನನ್ನ ಮುಖ ನೋಡಿದ. ಇಷ್ಟು ವರ್ಷ ನೀನು ಚೆನ್ನಾಗಿದೀಯ, ನಿನಗೇನೂ ಆಗಿಲ್ಲ ಅಂತ ಅವನಿಗೆ ಹೇಳಿಕೊಂಡು ಬಂದವಳು ನಾನು. ಈಗ ಅವನ ಎದುರಿಗೇ ಎರಡು ದಿನಕ್ಕೊಮ್ಮೆ ಅವ್ವ ಗದರಿಸಿ ಬಚ್ಚಲಿಗೆ ಕಳಿಸಬೇಕು, ಹೊರಗೆ ಹೋದರೆ ಯಾರ ಜೊತೆಗೂ ನಿಲ್ಲುವುದಿಲ್ಲ, ಮದುವೆ ಮುಂಜಿಗೆ ಬರುವುದಿಲ್ಲ, ಪೀಣ್ಯ ಬಿಟ್ಟ ಮೇಲೆ ಒಂದು ತಿಂಗಳು ಸತತ ದುಡಿದದ್ದಿಲ್ಲ ಅಂತ ಒಂದೊಂದಾಗಿ ಹೇಳಬೇಕು. ಹೇಳಿದೆ. "ಈಗಲೂ ಮಾತು ಕೇಳಿಸುತ್ತಾ?" ಅಂತ ಡಾಕ್ಟರು ಕೇಳಿದರು. ಇಲ್ಲ ಮೇಡಂ, ನಿಂತು ವರ್ಷಗಳಾಯಿತು ಅಂತ ನಾನು ಶುರು ಮಾಡಿದೆ. "ಕೇಳುಸ್ತದೆ. ಮಧ್ಯಾಹ್ನ ಊಟ ಆದ್ಮೇಲೆ. ಅದಕ್ಕೇ ರೇಡಿಯೋ ಜೋರಾಗಿ ಹಾಕ್ಕತೀನಿ" ಅಂದ ಅಣ್ಣ. ಆ ರೇಡಿಯೋ ವಿಷಯಕ್ಕೆ ಅವ್ವನಿಗೂ ಅವನಿಗೂ ದಿನಾ ಜಗಳ ಆಗುತ್ತಿತ್ತು. ಯಾಕೆ ಇಷ್ಟು ದಿನ ಹೇಳಲಿಲ್ಲ ಅಂತ ಡಾಕ್ಟರು ಕೇಳಿದ್ದಕ್ಕೆ, "ಹೇಳಿದ್ರೆ ಇವ್ರು ಅಳ್ತಾರೆ" ಅಂದ. ಡಾಕ್ಟರು ಕಾರ್ಡಿನ ಕಾಗದ ಪಕ್ಕಕ್ಕಿಟ್ಟು ಮಾತ್ರೆ ಬದಲಾಯಿಸಿ ಬರೆದರು. ಅವತ್ತಿನ ಓಡಾಟದಲ್ಲಿ ನಿಜವಾಗಿ ಕೈಗೆ ಬಂದದ್ದು ಆ ಹೊಸ ಚೀಟಿ.

ಆರೈಕೆಗೆ 1, ಒಡನಾಟಕ್ಕೆ 2, ಮಾತುಕತೆಗೆ 1, ಕೆಲಸಕ್ಕೆ 3, ಕಾಯಿಲೆ 10 ವರ್ಷ ದಾಟಿದ್ದಕ್ಕೆ 4. ಒಟ್ಟು 11. ಅದಕ್ಕೆ ಮಧ್ಯಮ ಅನ್ನುತ್ತಾರೆ. ಕಾರ್ಡು ಅಂಚೆಯಲ್ಲಿ ಬಂತು, ಹಳದಿ ಪಟ್ಟಿಯದು. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 80 ಮುಟ್ಟಿದರೆ ನೀಲಿ, ನಡುವಿನವರಿಗೆ ಹಳದಿ. ಶಾಶ್ವತವಲ್ಲ, ಅವಧಿ ಮುಗಿದ ಮೇಲೆ ಮತ್ತೆ ತಪಾಸಣೆ ಮಾಡಿಸಬೇಕು.

ಇನ್ನು ಪಿಂಚಣಿ. ನಾಡಕಚೇರಿಗೆ ಅರ್ಜಿ ಕೊಟ್ಟ ಮೇಲೆ ಕಂದಾಯದವರು ಮನೆಗೆ ಬಂದು ಸ್ಥಳ ಪರಿಶೀಲನೆ ಮಾಡುತ್ತಾರೆ, ಅಕ್ಕಪಕ್ಕದವರನ್ನೂ ವಿಚಾರಿಸುತ್ತಾರೆ. ಬಂದವರು ನಮ್ಮ ಎದುರು ಮನೆಯ ಜಗಲಿಯಲ್ಲೇ ಬೈಕು ನಿಲ್ಲಿಸಿ, ಅಲ್ಲಿದ್ದ ಅಜ್ಜಿಯನ್ನು, "ಎದುರುಮನೆಯೋಳ ಮಗ ಹುಚ್ಚನಂತಲ್ಲ, ಹೌದಾ?" ಅಂತ ಕೇಳಿದರು. ಚಿಕಿತ್ಸೆಯ ವಿಷಯವನ್ನು ಗೋಪ್ಯವಾಗಿಡಬೇಕು ಅಂತ 2017ರ ಕಾಯ್ದೆಯಲ್ಲಿ ಹಕ್ಕೇ ಇದೆ. ಅಲ್ಲಿ ಯಾರು ಯಾರಿಗೆ ಹೇಳುವುದು. ನಾನು ಹೊರಗೆ ಬರುವಷ್ಟರಲ್ಲಿ ಅಜ್ಜಿಯ ಉತ್ತರ ಮುಗಿದಿತ್ತು:

"ಹುಚ್ಚ ಯಾಕಾದಾನು ಬುಡಪ್ಪ. ಕಾಯ್ಲೆ ಐತೆ, ಮಾತ್ರೆ ತಗಂತಾನೆ. ರಾತ್ರಿ ಎಂಟಕ್ಕೆ ಎರಡು ಮಾತ್ರೆ. ಹೊತ್ತಾರೆ ಮಂಕಾಗಿರ್ತಾನೆ, ಹತ್ತು ಗಂಟೆ ಮ್ಯಾಲೆ ಸರಿಹೋಯ್ತಾನೆ. ಅವರಪ್ಪ ಇದ್ದಾಗ ಬೆಂಗಳೂರಿಗೆ ಓಡಾಡ್ತಿದ್ರು."

ಎಂಟಕ್ಕೆ ಎರಡು ಮಾತ್ರೆ! ನಾನು ಅವ್ವನ ಮುಖ ನೋಡಿದೆ, ಅವ್ವ ನನ್ನ ಮುಖ ನೋಡಿದಳು. ಟೈಫಾಯಿಡ್, ನರದ ವೀಕ್ನೆಸ್ಸು, ನೆಂಟರ ಮನೆ, ಯಾವುದನ್ನೂ ಈ ಊರು ಒಂದು ದಿನವೂ ನಂಬಿರಲಿಲ್ಲ. ನಮಗೆ ಬೇಜಾರಾಗದಿರಲಿ ಅಂತ ಹೂಂಗುಟ್ಟಿಕೊಂಡು ಬಂದಿದ್ದರು. ಅವ್ವ ಅವತ್ತು ಸಂಜೆ ಅಜ್ಜಿಯ ಜೊತೆ ಜಗಳಕ್ಕೆ ಹೋಗಿ, ರಾತ್ರಿ ಊಟದ ಹೊತ್ತಿನವರೆಗೆ ಅಲ್ಲೇ ಮಾತಾಡಿಕೊಂಡು ಕೂತಿದ್ದಳು. ಅಜ್ಜಿಯ ತಮ್ಮನಿಗೂ ಹಿಂದೆ ಹೀಗೇ ಆಗಿತ್ತಂತೆ. ಅವನು ಊರು ಬಿಟ್ಟು ಹೋದವನು ತಿರುಗಿ ಬರಲಿಲ್ಲವಂತೆ.

ಎಲ್ಲರೂ ಅಜ್ಜಿಯ ಹಾಗಿರಲಿಲ್ಲ. ನಮ್ಮ ಚಿಕ್ಕಪ್ಪ, "ನಮ್ಮ ಮನೇಲೂ ಮದುವೆಗಿರೋ ಹೆಣ್ಣುಮಕ್ಕಳು ಅವ್ರೆ, ಡಂಗುರ ಸಾರಿಬುಟ್ರಲ್ಲ" ಅಂತ ಕೂಗಾಡಿ ಹೋಗಿಬರುವುದನ್ನೇ ಬಿಟ್ಟರು. ಅವರ ಮಗಳಿಗೆ ಬಂದಿದ್ದ ಒಂದು ಸಂಬಂಧ ಮುರಿಯಿತು. ಕಾರಣ ನಾವೇ ಅಂತ ಅವರ ನಂಬಿಕೆ. ಇರಲೂಬಹುದು. ಮುಚ್ಚಿಡದೆ ಹೇಳಿದರೆ ಎಲ್ಲ ಸಲೀಸಾಗುತ್ತೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ವಂಶದಲ್ಲಿ ಈ ಕಾಯಿಲೆ ಇದೆಯಾ ಅಂತ ನನ್ನ ಮಗಳ ಕಾಲಕ್ಕೂ ಜನ ಕೇಳುತ್ತಾರೆ. ಹತ್ತಿರದ ಸಂಬಂಧಿಕರಲ್ಲಿದ್ದರೆ ಸಂಭವ ಸ್ವಲ್ಪ ಹೆಚ್ಚು, ಆದರೆ ಬಹುಪಾಲು ಜನಕ್ಕೆ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ಆಗ ನಾನೂ ಹೇಳಬೇಕು.

ಈ ಓಡಾಟವೆಲ್ಲ ಮುಗಿದ ಮೇಲೆ ಅವ್ವನಿಗೇ ನಿದ್ದೆ ಹೋಯಿತು. ಇಷ್ಟು ವರ್ಷ ಹಿಡಿದುಕೊಂಡದ್ದು ಸಡಿಲಾದಾಗ ಹಾಗಾಗುತ್ತದೋ ಏನೋ. ಒಂದು ರಾತ್ರಿ ನಾನೇ 14416ಕ್ಕೆ ಫೋನು ಮಾಡಿ ಕೊಟ್ಟೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ. ಆ ಕಡೆಯ ಹುಡುಗಿ ಕನ್ನಡದಲ್ಲೇ ಮಾತಾಡಿದಳು. ಅವ್ವ ಅರ್ಧ ಗಂಟೆ ತನ್ನ ಸೊಂಟನೋವಿನ ಬಗ್ಗೆಯೇ ಹೇಳಿ, ಕಡೆಗೆ "ನಾನು ಸತ್ತ ಮೇಲೆ ಇವನ್ನ ಯಾರು ನೋಡ್ಕತಾರೆ" ಅನ್ನುವಲ್ಲಿಗೆ ಬಂದಳು. ಆ ಪ್ರಶ್ನೆಗೆ ಹುಡುಗಿಯಾದರೂ ಏನು ಹೇಳಬೇಕು. ಆದರೆ ಕೇಳಿಸಿಕೊಂಡಳು, ಅವ್ವನೂ ಮಂಗಳವಾರ ಡಾಕ್ಟರಿಗೆ ತೋರಿಸಿಕೊಳ್ಳಲಿ ಅಂದಳು. ಈಗ ತಾಯಿ ಮಗ ಇಬ್ಬರೂ ಒಟ್ಟಿಗೆ ಹೋಗುತ್ತಾರೆ.

ಕಾರ್ಡಿನಿಂದ ಆದ ದೊಡ್ಡ ಉಪಕಾರ ಪಿಂಚಣಿಯಲ್ಲ, ಅದು ತೀರಾ ಸಣ್ಣ ದುಡ್ಡು. ನಮ್ಮ ರಾಜ್ಯದ ನರೇಗಾ ಕೆಲಸದಲ್ಲಿ ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಶೇ 50 ರಿಯಾಯಿತಿ ಇದೆ. ಅರ್ಧ ಅಗೆದರೂ ಪೂರ್ತಿ ಕೂಲಿ. ವಿಆರ್‌ಡಬ್ಲ್ಯು ಜಾಬ್ ಕಾರ್ಡು ಮಾಡಿಸಿ, ತೋಟಗಳಲ್ಲಿ ಬದು, ಗುಂಡಿ ತೆಗೆಯುವ ಗುಂಪಿಗೆ ಅಣ್ಣನನ್ನು ಸೇರಿಸಿದರು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲು ತಡೆಯುವುದು ಕಷ್ಟ, ಬೆವರು ಸರಿಯಾಗಿ ಬರುವುದಿಲ್ಲ, ಆಗಾಗ ನೀರು ಕುಡಿಸಿ ನೆರಳಿಗೆ ಕೂರಿಸಿ ಅಂತ ಡಾಕ್ಟರು ಗುಂಪಿನ ಉಸ್ತುವಾರಿ ನೋಡುವ ಮೇಟಿಗೆ ಹೇಳಿ ಕಳಿಸಿದ್ದರು. ಗುಂಪಿನಲ್ಲಿ ಹೆಚ್ಚಿನವರು ಹೆಂಗಸರು. ಮೊದಮೊದಲು ಅವನಿಂದ ಗುದ್ದಲಿಯನ್ನೇ ದೂರ ಇಟ್ಟಿದ್ದರು. ನೀರು ತರುವ ಕೆಲಸ ಮಾತ್ರ ಕೊಟ್ಟಿದ್ದರು. ಹಾಗೇ ನಡೆಯುತ್ತಾ ಒಂದು ದಿನ ಅಣ್ಣ ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದನಂತೆ. ಗುಂಪಿನ ಒಬ್ಬಾಕೆ, ಬಾಯಿ ಜೋರಿನವಳು, "ಯಾರ್ ಜೊತೆ ಮಾತಾಡ್ತಿದೀಯಲಾ?" ಅಂದಳು. "ಅವ್ರು ಬೈತಾವ್ರೆ" ಅಂದ ಅಣ್ಣ. "ನಂಗೂ ನಮ್ಮತ್ತೆ ದಿನಾ ಬೈತಾಳೆ. ಬೈಸ್ಕಂಡು ಗುಂಡಿ ತೆಗಿ" ಅಂತ ಗುದ್ದಲಿ ಕೈಗೆ ಕೊಟ್ಟಳು. ಸುತ್ತ ಇದ್ದವರೆಲ್ಲ ನಕ್ಕರು, ಅಣ್ಣನೂ ನಕ್ಕನಂತೆ. ಇದನ್ನು ಆಪ್ತಸಮಾಲೋಚಕಿಗೆ ಹೇಳಿದಾಗ ಅವರು ನಗುವುದೋ ಬೇಡವೋ ಅನ್ನುವ ಹಾಗೆ ನನ್ನ ಮುಖ ನೋಡಿದರು. ಪುಸ್ತಕದ ಪ್ರಕಾರ ಅದು ಸರಿಯಾದ ಉತ್ತರ ಆಗಿರಲಾರದು. ಆದರೆ ಅಣ್ಣ ಮಾರನೇ ದಿನ ಅವ್ವ ಎಬ್ಬಿಸುವ ಮೊದಲೇ ಎದ್ದು ಕೆಲಸಕ್ಕೆ ಹೋದ.

ಅಕ್ಟೋಬರಿನಲ್ಲಿ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ನಮ್ಮ ಹೋಬಳಿಯಲ್ಲಿ ಜಾಥಾ ಇತ್ತು. ಸ್ಕೂಲು ಮಕ್ಕಳು ಬಿಸಿಲಲ್ಲಿ ಫಲಕ ಹಿಡಿದು ನಿಂತಿದ್ದರು. 'ಮಾನಸಿಕ ಅಸ್ವಸ್ಥರನ್ನು ಅನುಕಂಪದಿಂದ ಕಾಣೋಣ' ಅಂತ ಭಾಷಣ ಆಯಿತು. ಅಣ್ಣ ರೇಷನ್ ಚೀಲ ಹೊತ್ತುಕೊಂಡು ಆ ಸಾಲಿನ ನಡುವೆ ದಾರಿ ಮಾಡಿಕೊಂಡು ಹೋದ. ಅವನು ಯಾರು ಅಂತ ವೇದಿಕೆ ಮೇಲಿನವರಿಗೆ ಗೊತ್ತಿರಲಿಲ್ಲ. ಜಾಥಾ ಬೇಡ ಅಂತ ನನ್ನ ವಾದ ಅಲ್ಲ. ಪಕ್ಕದ ತುರುವೇಕೆರೆಯಲ್ಲೂ ತೀರ್ಥಹಳ್ಳಿಯಲ್ಲೂ ನಿಮ್ಹಾನ್ಸ್‌ನವರು ಇಡೀ ತಾಲೂಕಿನಲ್ಲಿ ಇಂಥ ಕಾಯಿಲೆಯವರನ್ನು ಹುಡುಕಿ, ವರ್ಷಗಟ್ಟಲೆ ಬೆನ್ನುಬಿದ್ದು ಮಾತ್ರೆ ತಲುಪಿಸಿದ್ದಾರೆ. ಆ ತರದ ಕೆಲಸಕ್ಕೆ ಖರ್ಚು ಮಾಡಬಹುದಾದ ದುಡ್ಡು ಫ್ಲೆಕ್ಸಿಗೆ ಹೋದಾಗ ಹೊಟ್ಟೆ ಉರಿಯುತ್ತದೆ, ಅಷ್ಟೆ.

ಈಗ ಮನೆಯಲ್ಲಿ ಹೊಸ ತಲೆಬಿಸಿ. ಮುಂದಿನ ತಪಾಸಣೆಯಲ್ಲಿ ಕೆಲಸದ ಅಂಕ ಇಳಿಯುತ್ತದೆ, ದುಡಿಯುತ್ತಿದ್ದಾನಲ್ಲ. ಒಡನಾಟದ್ದೂ ಇಳಿಯಬಹುದು. 11 ಇದ್ದದ್ದು 6ಕ್ಕೆ ಬಂದರೆ ಶೇ 40 ತಪ್ಪುತ್ತದೆ. ಕಾರ್ಡು ಬಿಳಿಯಾಗುತ್ತದೆ, ಪಿಂಚಣಿಯೂ ಹೋಗುತ್ತದೆ, ನರೇಗಾದ ಅರ್ಧ ಕೆಲಸದ ರಿಯಾಯಿತಿಯೂ ಹೋಗುತ್ತದೆ. ರಿಯಾಯಿತಿ ಹೋದರೆ ಅವನು ಪೂರ್ತಿ ಅಳತೆ ಅಗೆಯಬಲ್ಲನೇ? ನನಗೆ ಧೈರ್ಯ ಇಲ್ಲ. ಯಾವುದರ ಬಲದಿಂದ ಅವನು ಎದ್ದು ನಿಂತನೋ, ನಿಂತ ತಕ್ಷಣ ಅದನ್ನೇ ಕಿತ್ತುಕೊಳ್ಳುವ ಲೆಕ್ಕಾಚಾರ ಇದು. ಇದನ್ನು ಮಾಡಿದವರು ಇಂಥ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ವಿಆರ್‌ಡಬ್ಲ್ಯುನ ಕೇಳಿದರೆ, "ಮಾತ್ರೆ ಬಿಟ್ಟರೆ ಮತ್ತೆ 15 ಬರ್ತದೆ ಅಕ್ಕ" ಅಂತ ತಮಾಷೆ ಮಾಡಿ, ಆಮೇಲೆ ಎಂಆರ್‌ಡಬ್ಲ್ಯು ಹತ್ತಿರ ವಿಚಾರಿಸುತ್ತೇನೆ ಅಂದಿದ್ದಾರೆ.

ಡಾಕ್ಟರ ಹತ್ತಿರ ಕೆಲಸದ ಸುದ್ದಿ ಎತ್ತಲೇಬಾರದು ಅಂತ ಅವ್ವ ಪಟ್ಟು ಹಿಡಿದಿದ್ದಾಳೆ. ಅಣ್ಣ ಕೇಳುವವನಲ್ಲ. ಜಾಬ್ ಕಾರ್ಡಿನಲ್ಲಿ ಹಾಜರಿ ಬಿದ್ದಿದೆ, ಯಾಕೆ ಸುಳ್ಳು ಹೇಳಬೇಕು ಅಂತಾನೆ. "ಪಿಂಚಣಿ ನಿಂತ್ರೆ ನಿನ್ನ ಮೊಬೈಲ್‌ಗೆ ಕರೆನ್ಸಿ ಹಾಕ್ಸೋದು ಯಾರ್ಲಾ" ಅಂತ ಅವ್ವ, "ನಾನೇ ದುಡ್ದು ಹಾಕ್ಕತೀನಿ" ಅಂತ ಅವನು. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿದರೆ ತಾಲೂಕು ಆಸ್ಪತ್ರೆ ಬರುವ ತನಕ ಇಬ್ಬರದೂ ಇದೇ ಜಗಳ, ಬಸ್ಸಿನವರಿಗೆಲ್ಲ ಕೇಳುವ ಹಾಗೆ.